ಕೊಳವೆಯೊಳಗಿನ ಹಿತ್ತಾಳೆ

"ಇಂಜಿನ್ ಓಡ್ತಾ ಇದೆಯಲ್ಲ ಮೇಡಂ! ಇನ್ನೇನು ಸಾಕ್ಷಿ ಬೇಕು ನಿಮಗೆ?"

ಇನ್ಸ್‌ಪೆಕ್ಟರ್ ಮಾಮುಕಾ ಜೀಪಿನ ಬಾನೆಟ್ಟನ್ನು ಅಂಗೈಯಿಂದ ಎರಡು ಸಲ ಬಡಿದ, ಸಂತೆಯಲ್ಲಿ ದನದ ಬೆನ್ನು ತಟ್ಟುವವನ ಹಾಗೆ.

"ಕೈ ತೆಗಿ," ಎಂದಳು ದಾರೆಜಾನ್.

"ಏನಂದ್ರಿ?"

"ಬಾನೆಟ್ ಎತ್ತಬೇಕು. ಕೈ ತೆಗಿ ಅಂದೆ. ಸಿಗರೇಟೂ ಬಿಸಾಕು. ಪೆಟ್ರೋಲ್ ಪೈಪ್ ಬಿಚ್ತೀನಿ ಈಗ."

ಪೊಲೀಸ್ ಠಾಣೆಯ ಹಿಂದಿನ ಅಂಗಳದಲ್ಲಿ ಬಿಸಿಲು ಆಗಲೇ ಕಾದಿತ್ತು. ಇಪ್ಪತ್ತೆಂಟು ವರ್ಷ ಹಳೆಯ ಆ ಜಪಾನಿ ಜೀಪಿನ ಹಿಂಭಾಗ ನುಜ್ಜುಗುಜ್ಜಾಗಿತ್ತು. ಎಡಗಡೆಯ ಬಾಗಿಲನ್ನು ಹಗ್ಗದಿಂದ ಕಟ್ಟಿದ್ದರು. ಅಬಾನೊ ಘಾಟಿಯ ಕಡಿದಾದ ಏರಿನಲ್ಲಿ ಅದು ಹಿಂದಕ್ಕೆ ಉರುಳಿ ಬಂಡೆಗಳ ನಡುವೆ ಸಿಕ್ಕಿಕೊಂಡಾಗ, ಒಳಗೆ ಕೂತಿದ್ದ ಅದೇ ಊರಿನ ಹೆಂಗಸು ಲಮಾರಾ ಹೊರಗೆ ಬಿದ್ದು ಸತ್ತದ್ದು ಆ ಬಾಗಿಲಿನಿಂದಲೇ. ಓಡಿಸುತ್ತಿದ್ದವನು ಇಮೆದಾ, ದಾರೆಜಾನಳ ಮಾಜಿ ಗಂಡ. ಮುರಿದ ಹೆಗಲು ಕಟ್ಟಿಕೊಂಡು ಅವನು ಈಗ ಇದೇ ಠಾಣೆಯ ಲಾಕಪ್ಪಿನಲ್ಲಿದ್ದ.

ಪೊಲೀಸರ ವರದಿ ಮೂರೇ ವಾಕ್ಯ. 'ವಾಹನದಲ್ಲಿ ದೋಷವಿಲ್ಲ. ಇಂಜಿನ್ ಚಾಲನೆಯಲ್ಲಿದೆ. ಚಾಲಕ ಕುಡಿದಿದ್ದ.'

ಆ ಮೂರು ವಾಕ್ಯ ಓದಿದ ದಾರೆಜಾನ್ ಗಾಡಿಯನ್ನು ತಾನೇ ನೋಡಬೇಕೆಂದು ಹಟ ಹಿಡಿದು ಅನುಮತಿ ಪಡೆದಿದ್ದಳು. ಹನ್ನೊಂದು ವರ್ಷ ಇದೇ ಅಂಗಳದಲ್ಲಿ ಅಪಘಾತದ ಗಾಡಿಗಳನ್ನು ಬಿಚ್ಚಿ ನೋಡಿ ವರದಿ ಬರೆದವಳು ಅವಳು. ಒಂದೊಂದು ವರದಿಗೂ ಮೂರು ದಿನ ಹಿಡಿಯುತ್ತಿತ್ತು. ಕೆಲಸ ಬಿಟ್ಟು ಅಲ್ವಾನಿಯಲ್ಲಿ ಅಪ್ಪನ ಗ್ಯಾರೇಜು ನೋಡಿಕೊಳ್ಳತೊಡಗಿದ ಮೇಲೂ ಅವಳ ಹಳೆಯ ವರದಿಗಳನ್ನು ನ್ಯಾಯಾಧೀಶರು ತರಿಸಿ ಓದುತ್ತಿದ್ದರಂತೆ. ಈಗ ಮೂರು ವಾಕ್ಯದಲ್ಲಿ ಒಬ್ಬ ಮನುಷ್ಯನನ್ನು ಎಂಟು ವರ್ಷ ಜೈಲಿಗೆ ಕಳಿಸಲು ಹೊರಟಿದ್ದರು.

ಹಾಗೆಂದು ಇಮೆದಾನ ಮೇಲೆ ಅವಳಿಗೆ ಪ್ರೀತಿ ಉಕ್ಕಿ ಹರಿಯುತ್ತಿರಲಿಲ್ಲ. 'ನಿನ್ನ ಕೈಗಿಂತ ನನ್ನ ಗಾಡಿ ಟೈರೇ ಮೆತ್ತಗಿದೆ' ಎಂದು ತುಂಬಿದ ಮದುವೆ ಮನೆಯಲ್ಲಿ ನಾಲ್ಕು ಜನರೆದುರು ನಗಾಡಿದವನು ಅವನು. ಆರು ವರ್ಷವಾದರೂ ಆ ನಗು ಅವಳ ಕಿವಿಯಿಂದ ಇಳಿದಿರಲಿಲ್ಲ. ಜೈಲಿಗೆ ಹೋಗಲಿ ಎಂದು ಎಷ್ಟೋ ಸಲ ಅಂದುಕೊಂಡಿದ್ದಳು. ಆದರೆ ತಾನು ಮಾಡಿದ ತಪ್ಪಿಗೆ ಹೋಗಲಿ. ಮಾಡದ್ದಕ್ಕೆ ಯಾಕೆ?

"ಎರಡು ಗಂಟೆ ಟೈಮು ಕೊಟ್ಟಿದ್ದಾರೆ ಸಾಹೇಬರು," ಮಾಮುಕಾ ಗಡಿಯಾರ ನೋಡಿದ. "ಅದರಲ್ಲಿ ನಲವತ್ತು ನಿಮಿಷ ಆಯ್ತು."

"ಕೀ ಸಿಗ್ತಿಲ್ಲ ಅಂತ ಮೂವತ್ತೈದು ನಿಮಿಷ ಹುಡುಕಿದ್ದು ನೀನು."

ಕ್ಯಾಮೆರಾ ಹಿಡಿದಿದ್ದ ಪೇದೆ ಕೆಳಗೆ ನೋಡಿ ನಗು ನುಂಗಿಕೊಂಡ.

ದಾರೆಜಾನ್ ಇಂಜಿನ್ ಆಫ್ ಮಾಡಿ, ಬಿಸಿ ಲೋಹದ ಮೇಲೆ ಬಟ್ಟೆ ಹಾಸಿ, ಪೆಟ್ರೋಲ್ ಬರುವ ಪೈಪಿನ ಬಾಯಿಗೆ ಒತ್ತಡ ಅಳೆಯುವ ತನ್ನ ಗೇಜು ಸಿಕ್ಕಿಸಿದಳು. ಮತ್ತೆ ಸ್ಟಾರ್ಟ್ ಮಾಡಿದಾಗ ಮುಳ್ಳು ಏರಿ ಎರಡೂವರೆಯಲ್ಲಿ ನಿಂತಿತು.

"ಎರಡೂವರೆ!" ಮಾಮುಕಾ ಗೆದ್ದವನಂತೆ ನಕ್ಕ. "ಪುಸ್ತಕದಲ್ಲೂ ಎರಡೂವರೆ ಅಂತಲೇ ಇದೆ. ನಾನೂ ಓದಿದ್ದೀನಿ."

"ಅದು ಗಾಡಿ ನಿಂತಿರುವಾಗ. ಒಳಗೆ ಕೂತ್ಕೊಂಡು ಆಕ್ಸಿಲರೇಟರ್ ಒತ್ತು. ಮೆಲ್ಲಗಲ್ಲ, ಪೂರ್ತಿ ಒತ್ತು."

ಅವನು ಕೂತು ಒತ್ತಿದ. ಮುಳ್ಳು ಮೂರರ ಕಡೆಗೆ ಏರಬೇಕಿತ್ತು. ಅದು ಎರಡಕ್ಕೆ ಇಳಿಯಿತು. ಒಂದೂವರೆಗೆ ಇಳಿಯಿತು. ಒಂದಕ್ಕೆ ಬಂದಾಗ ಇಂಜಿನ್ ಕೆಮ್ಮಿತು, ಇಡೀ ಗಾಡಿ ನಡುಗಿತು, ನಿಂತೇಹೋಯಿತು.

ಮಾಮುಕಾ ಕಿಟಕಿಯಿಂದ ತಲೆ ಹೊರಹಾಕಿದ.

"ಹಳೇ ಗಾಡಿ, ಕೆಮ್ಮುತ್ತೆ," ಎಂದ ಮಾಮುಕಾ. "ನಮ್ಮಜ್ಜನೂ ಕೆಮ್ತಾರೆ."

"ನಿಮ್ಮಜ್ಜ ಕೆಮ್ಮುವಾಗ ಹಿಂದೆ ಪ್ರಪಾತ ಇರಲ್ಲ. ಈಗ ಬ್ರೇಕ್ ಒತ್ತಿ ನೋಡು."

ಅವನು ಒತ್ತಿದ. ಒಂದು ಸಲ, ಎರಡು ಸಲ. ಮೂರನೇ ಸಲ ಪೆಡಲ್ ಅಲುಗಲಿಲ್ಲ.

"ಕಲ್ಲಾಯ್ತಾ? ಇಂಜಿನ್ ಸತ್ತರೆ ಬ್ರೇಕೂ ಹೀಗೇ ಸಾಯುತ್ತೆ. ಎರಡು ಟನ್ ಗಾಡಿ, ಒಳಗೆ ಮೂಟೆಗಳು, ಕೆಳಗೆ ಜಲ್ಲಿಕಲ್ಲು. ಅವನು ಕುಡಿದಿದ್ದರೂ ಅಷ್ಟೇ, ಚರ್ಚಿನಿಂದ ಸೀದಾ ಬಂದಿದ್ದರೂ ಅಷ್ಟೇ. ಬರ್ಕೊಂಡ್ಯಾ?"

ಮಾಮುಕಾ ಬರೆದುಕೊಳ್ಳಲಿಲ್ಲ. ಕ್ಯಾಮೆರಾದ ಕೆಂಪು ದೀಪ ಮಾತ್ರ ಉರಿಯುತ್ತಿತ್ತು.

ಯಾಕೆ ಎಂಬುದು ಇನ್ನೂ ಬಾಕಿಯಿತ್ತು. ದಾರೆಜಾನ್ ಒಂದೊಂದೇ ಅನುಮಾನ ತೆಗೆದುಹಾಕುತ್ತ ಹೋದಳು. ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ವಾಪಸ್ ಒಯ್ಯುವ ಪೈಪನ್ನು ಇಕ್ಕಳದಿಂದ ಬಿಗಿಯಾಗಿ ಹಿಡಿದಳು. ಮುಳ್ಳು ನಿಧಾನವಾಗಿ ನಾಲ್ಕರವರೆಗೆ ಏರಿತು. ಆದರೆ ಆಕ್ಸಿಲರೇಟರ್ ಒತ್ತಿದೊಡನೆ ಮತ್ತೆ ಕುಸಿಯಿತು.

"ನಾಲ್ಕು ಬಂತಲ್ಲ!"

"ನಲ್ಲಿ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದ್ರೆ ನೀರು ಜೋರಾಗಿ ಚಿಮ್ಮುತ್ತೆ. ಅಷ್ಟಕ್ಕೆ ಬಕೆಟ್ ತುಂಬುತ್ತಾ? ಇಲ್ಲಿ ಒತ್ತಡ ಹುಟ್ಟುತ್ತಾ ಇದೆ ಮಾಮುಕಾ, ಬರೋ ಪೆಟ್ರೋಲ್ ಸಾಲ್ತಾ ಇಲ್ಲ. ವಾಪಸ್ ಹೋಗೋ ದಾರಿ ಕಟ್ಟಿದರೂ ಸಾಲ್ತಾ ಇಲ್ಲ."

ಪೈಪನ್ನು ಒಂದು ಗಾಜಿನ ಜಾಡಿಗೆ ಇಳಿಬಿಟ್ಟು ಪಂಪು ಓಡಿಸಿದಳು. ಹದಿನೈದು ಸೆಕೆಂಡಿಗೆ ಅರ್ಧ ಲೀಟರ್ ಬೀಳಬೇಕಿತ್ತು. ಬಿದ್ದದ್ದು ಒಂದು ಲೋಟವೂ ಇಲ್ಲ.

ಫಿಲ್ಟರ್ ಬಿಚ್ಚಿ ಬಾಯಿಯಿಂದ ಊದಿದಳು. ಉಸಿರು ಸಲೀಸಾಗಿ ಆಚೆ ಹೋಯಿತು. ಪಂಪಿಗೆ ಹೋಗುವ ತಂತಿಗೆ ಮೀಟರ್ ಇಟ್ಟಳು. ಕರೆಂಟು ಸರಿಯಾಗಿತ್ತು. ಕೊನೆಗೆ ಹಿಂದಿನ ಸೀಟನ್ನು ಕಿತ್ತು, ಕೆಳಗಿನ ಮುಚ್ಚಳ ತೆಗೆದು, ಟ್ಯಾಂಕಿನೊಳಗಿಂದ ಪಂಪನ್ನೇ ಹೊರತೆಗೆದಳು. ಬಕೆಟ್ಟಿನಲ್ಲಿ ಮುಳುಗಿಸಿ ತಂತಿ ತಾಗಿಸಿದ್ದೇ ತಡ, ಪೆಟ್ರೋಲ್ ಚಿಮ್ಮಿ ಮಾಮುಕಾನ ಹೊಳೆಯುವ ಬೂಟಿನ ಮೇಲೆ ಬಿತ್ತು.

"ಅಯ್ಯೋ! ಬೇಕಂತಲೇ ಮಾಡಿದ್ರಿ!"

"ಪಂಪು ಕುದುರೆ ಹಾಗಿದೆ," ಎಂದಳು ಅವಳು, ತನಗೇ ಹೇಳಿಕೊಳ್ಳುವಂತೆ. "ಫಿಲ್ಟರ್ ಚೆನ್ನಾಗಿದೆ. ಹಾಗಾದ್ರೆ ಇವೆರಡರ ಮಧ್ಯೆ."

ಅವೆರಡರ ಮಧ್ಯೆ ಇದ್ದದ್ದು ಒಂದು ಮೊಳದಷ್ಟು ರಬ್ಬರ್ ಕೊಳವೆ. ಅವಳು ಜೀಪಿನಡಿ ತೂರಿ ಬೆನ್ನ ಮೇಲೆ ಮಲಗಿದಳು. ಮಣ್ಣು ಹಿಡಿದ ಕ್ಲಿಪ್ಪುಗಳ ಸಾಲಿನಲ್ಲಿ ಒಂದು ಕ್ಲಿಪ್ಪು ಮಾತ್ರ ಹೊಳೆಯುತ್ತಿತ್ತು. ಅದರ ಕೆಳಗೆ ಹೆಬ್ಬೆರಳಿಂದ ಹಿಚುಕಿದಳು. ರಬ್ಬರ್ ತಗ್ಗಲಿಲ್ಲ. ಒಳಗೆ ಏನೋ ಗಟ್ಟಿ.

"ಕ್ಯಾಮೆರಾ ಇಲ್ಲಿಗೆ ತಗೊಂಡು ಬಾ," ಎಂದಳು.

ಬ್ಲೇಡಿನಿಂದ ಕೊಳವೆಯನ್ನು ಉದ್ದಕ್ಕೆ ಸೀಳಿದಾಗ ಅಂಗೈಗೆ ಬಿದ್ದದ್ದು ಬೆರಳ ಗಂಟಿನಷ್ಟು ದಪ್ಪದ ಒಂದು ಅಲ್ಯೂಮಿನಿಯಂ ಬುಷ್, ನಡುವೆ ಟೊಳ್ಳಾದ ಗಟ್ಟಿ ಬಿಲ್ಲೆ. ಅದರ ನಡುವೆ ತಿರುಪಿ ಕೂರಿಸಿದ, ಪೆಟ್ರೋಲನ್ನು ಸಣ್ಣಗೆ ಬಿಡುವ ಹಿತ್ತಾಳೆಯ ಜೆಟ್, ಹಳೆಯ ಸೋವಿಯತ್ ಲಾರಿಗಳ ಕಾರ್ಬುರೇಟರಿನಲ್ಲಿ ಇರುತ್ತದಲ್ಲ, ಅಂಥದ್ದು. ಜೆಟ್ಟಿನ ಮಧ್ಯೆ ದಬ್ಬಳದ ಮೊನೆಯಷ್ಟು ತೂತು.

ನಿಂತ ಗಾಡಿಗೆ ಸಾಕಾಗುವಷ್ಟು ತೂತು. ಬಯಲಿನ ದಾರಿಗೂ ಸಾಕು. ಭಾರ ಹೊತ್ತು ಘಾಟಿ ಹತ್ತುವಾಗ ಮಾತ್ರ ಸಾಲದು. ಇದನ್ನು ಇಟ್ಟವರಿಗೆ ಇಂಜಿನ್ ಗೊತ್ತಿತ್ತು, ದಾರಿಯೂ ಗೊತ್ತಿತ್ತು.

"ಇದು ದೋಷ ಅಲ್ಲ," ಎಂದಳು ಎದ್ದು ನಿಂತು. "ಇದು ಕೊಲೆ."

ಮಾಮುಕಾ ಆ ಚೂರನ್ನು ತುಂಬ ಹೊತ್ತು ನೋಡಿದ. ಅವನ ಮುಖದ ಕೊಂಕು ಹೋಗಿತ್ತು. ಆದರೆ ಅದರ ಜಾಗಕ್ಕೆ ಬಂದದ್ದು ಇನ್ನೂ ಕೆಟ್ಟದಾಗಿತ್ತು.

"ಸರಿ. ಇಂಥ ಕೆಲಸ ಈ ತಾಲೂಕಲ್ಲಿ ಯಾರಿಗೆ ಬರುತ್ತೆ ಮೇಡಂ? ಎಲ್ಲಿ ಇಟ್ಟರೆ ಎಲ್ಲಿ ನಿಲ್ಲುತ್ತೆ ಅಂತ ಲೆಕ್ಕ ಹಾಕೋರು ಯಾರು? ಬಿಟ್ಟುಹೋದ ಗಂಡನ ಮೇಲೆ ಹಲ್ಲು ಕಡೀತಾ ಇರೋರು ಯಾರು?"

ದಾರೆಜಾನ್ ಒಂದು ಹೆಜ್ಜೆ ಮುಂದೆ ಬಂದಳು. ಕೈಯಲ್ಲಿ ಸ್ಪ್ಯಾನರ್ ಇತ್ತು. ಪೇದೆ ಕ್ಯಾಮೆರಾ ಇಳಿಸಿದ.

"ನಾನು ಇಟ್ಟಿದ್ರೆ ಮಾಮುಕಾ, ನಾನೇ ಬಂದು ನಿನ್ನ ಕಣ್ಣೆದುರು ತೆಗೀತಿದ್ನಾ? ಮೂರು ವಾಕ್ಯ ಬರೆದು ಮಲಗೋನಿಗೆ ಇಷ್ಟೂ ಹೊಳೆಯಲ್ವಾ?"

"ಊರು ಬಿಟ್ಟು ಹೋಗಬೇಡಿ," ಎಂದ ಅವನು ಚೂರನ್ನು ಲಕೋಟೆಗೆ ಹಾಕಿ ಅರಗು ಒತ್ತುತ್ತ. "ಸಂಜೆಗೆ ಹೇಳಿಕೆ ಕೊಡೋಕೆ ಬನ್ನಿ. ವಕೀಲರನ್ನ ಕರ್ಕೊಂಡು ಬಂದ್ರೆ ಒಳ್ಳೇದು."

ಲಕೋಟೆ ಮುಚ್ಚುವ ಮೊದಲು ಅವಳು ಫೋನಿನಲ್ಲಿ ನಾಲ್ಕು ಫೋಟೋ ತೆಗೆದುಕೊಂಡಿದ್ದಳು. ಅವುಗಳಲ್ಲಿ ಕಂಡ ಒಂದು ಸಂಗತಿಯನ್ನು ಮಾತ್ರ ಮಾಮುಕಾನಿಗೆ ಹೇಳಿರಲಿಲ್ಲ. ಬುಷ್ಷಿನ ಮೈಮೇಲೆ, ನುಣ್ಣಗೆ ಕಡೆದ ಗೆರೆಗಳ ನಡುವೆ, ಅಕ್ಕಿಕಾಳಿನಷ್ಟು ಅಂತರಕ್ಕೊಂದು ಸಣ್ಣ ಅಲೆ ಇತ್ತು. ಹಲ್ಲು ಸವೆದ ಲೇತಿನಲ್ಲಿ ಕಡೆದರೆ ಮಾತ್ರ ಅಂಥ ಅಲೆ ಮೂಡುತ್ತದೆ.

ಆ ಲೇತು ಅವಳಿಗೆ ಗೊತ್ತಿತ್ತು. ಹದಿಮೂರನೇ ವಯಸ್ಸಿನಲ್ಲಿ ಅವಳು ಕೆಲಸ ಕಲಿತದ್ದೇ ಅದರ ಮೇಲೆ.

*

ಆ ಲೇತು ಇದ್ದ ಶಕ್ರೊನ ಶೆಡ್ಡು ಊರಾಚೆ, ಹಿಂದೆ ಸಾಮೂಹಿಕ ಬೇಸಾಯದ ಟ್ರಾಕ್ಟರುಗಳು ನಿಲ್ಲುತ್ತಿದ್ದ ಜಾಗದಲ್ಲಿತ್ತು. ಎಪ್ಪತ್ತೊಂದರ ಮುದುಕ ಹಲಗೆಯ ಮೇಲೆ ಕೂತು ಬ್ರೆಡ್ಡು, ಕುರಿಹಾಲಿನ ಚೀಸು, ಸೌತೆಕಾಯಿ ತಿನ್ನುತ್ತಿದ್ದ. ಅವಳನ್ನು ಕಂಡು ಮುಖ ಅರಳಿಸಿದ.

"ಬಾ ದಾರೊ, ಸರಿಯಾದ ಹೊತ್ತಿಗೆ ಬಂದೆ. ಕೂತ್ಕೋ, ತಿನ್ನು."

ಅವಳು ಕೂರಲಿಲ್ಲ. ಫೋನನ್ನು ಚೀಸಿನ ತಟ್ಟೆಯ ಪಕ್ಕ ಇಟ್ಟಳು.

"ಇದು ಯಾರ ಕೈ, ಶಕ್ರೊ ಮಾಮ?"

ಮುದುಕ ಕನ್ನಡಕ ಹುಡುಕುವಂತೆ ನಟಿಸಿದ. ಕನ್ನಡಕ ಅವನ ಹಣೆಯ ಮೇಲೇ ಇತ್ತು.

"ಯಾವುದೋ ಬುಷ್ಷು."

"ಯಾವುದೋ ಅಲ್ಲ. ಆ ಅಲೆ ನೋಡು. ನಾನು ಚಿಕ್ಕವಳಿದ್ದಾಗ ಆ ಅಲೆ ಹೋಗ್ಲಾಡ್ಸೋಕೆ ಉಜ್ಜಿ ಉಜ್ಜಿ ಬೆರಳು ಬೊಬ್ಬೆ ಬಂದಿತ್ತು. 'ಬಿಡು ಮಗಳೇ, ಅದು ನಮ್ಮ ಲೇತಿನ ಸಹಿ' ಅಂದಿದ್ದೆ ನೀನು."

"ನೂರಾರು ಬುಷ್ ಮಾಡ್ತೀನಿ. ಎಲ್ಲಾ ನೆನಪಿರುತ್ತಾ?"

"ಇದು ಇಮೆದಾನ ಜೀಪಿನ ಪೆಟ್ರೋಲ್ ಪೈಪಲ್ಲಿ ಸಿಕ್ತು."

ಶಕ್ರೊನ ಕೈಯಲ್ಲಿದ್ದ ಬ್ರೆಡ್ಡಿನ ತುಂಡು ಬಾಯಿಗೂ ಹೋಗಲಿಲ್ಲ, ತಟ್ಟೆಗೂ ಬರಲಿಲ್ಲ.

"ಗೊತ್ತಿತ್ತಾ ನಿನಗೆ?" ಅವಳ ದನಿ ಏರಿತು. "ಮೊನ್ನೆ ನಮ್ಮನೆಗೆ ಬಂದು ನನ್ನ ಕೈಯಲ್ಲೇ ಸೂಪು ಬಡಿಸಿಕೊಂಡು ಉಂಡೆಯಲ್ಲ, ಆಗ ಗೊತ್ತಿತ್ತಾ? ಇಮೆದಾನ ತಾಯಿ ಮನೆ ಕಿಟಕಿಗೆ ಕಲ್ಲು ಬಿದ್ದಾಗ ಅಯ್ಯೋ ಪಾಪ ಅಂದೆಯಲ್ಲ, ಆಗ?"

"ದಾರೊ, ಕೂಗಬೇಡ..."

"ಕೂಗ್ತೀನಿ! ನಮ್ಮಪ್ಪ ಸತ್ತಾಗ ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟೋನು ನೀನು. ಆ ಹೆಗಲಿಗಾದ್ರೂ ನಾಚಿಕೆ ಬೇಡ್ವಾ? ಯಾರಿಗೆ ಮಾಡಿಕೊಟ್ಟೆ?"

"ಸಾರಾಯಿ ಬಟ್ಟಿಗೆ ಅಂದ್ರು." ಮುದುಕ ನೆಲ ನೋಡುತ್ತ ಅಂದ. "ತಣ್ಣೀರು ಸಣ್ಣಗೆ ಬಿಡೋಕೆ ಬೇಕು ಅಂದ್ರು. ಮಾಡಿಕೊಟ್ಟೆ."

"ಯಾವಾಗ?"

"ಜೂನ್ ನಡುವಲ್ಲಿ."

"ಜೂನ್‌ನಲ್ಲಿ!" ಅವಳು ಹಲಗೆಗೆ ಗುದ್ದಿದಳು. ಸೌತೆಕಾಯಿ ಉರುಳಿ ಕಬ್ಬಿಣದ ಹೊಟ್ಟಿನೊಳಗೆ ಬಿತ್ತು. "ಬಳ್ಳಿಯಲ್ಲಿ ದ್ರಾಕ್ಷಿ ಇನ್ನೂ ಮೆಣಸಿನಕಾಳಷ್ಟಿರುತ್ತೆ. ಜೂನ್‌ನಲ್ಲಿ ಈ ಸೀಮೇಲಿ ಯಾವನು ಬಟ್ಟಿ ಇಳಿಸ್ತಾನೆ ಮಾಮ? ನಿನಗೆ ಆಗಲೇ ಅನುಮಾನ ಬಂದಿತ್ತು. ಬಂದೂ ಮಾಡಿಕೊಟ್ಟೆ."

ಶಕ್ರೊ ಎದ್ದು ಲೇತಿನ ಹತ್ತಿರ ಹೋಗಿ ಅವಳಿಗೆ ಬೆನ್ನು ಮಾಡಿ ನಿಂತ. ಬೆನ್ನು ಒಮ್ಮೆಲೇ ಬಾಗಿದಂತಿತ್ತು.

"ನನಗೆ ಆಮೇಲೆ ಹೊಳೀತು," ಎಂದ. "ಜೀಪು ಉರುಳಿದ ಸುದ್ದಿ ಬಂದಾಗ. ಅಳತೆಗೆ ಅಂತ ಒಂದು ತುಂಡು ಪೈಪು ತಂದಿದ್ರು. ಪೆಟ್ರೋಲ್ ವಾಸನೆ ಇತ್ತು ಅದಕ್ಕೆ. ನೀರಿನ ಪೈಪಿಗೆ ಪೆಟ್ರೋಲ್ ವಾಸನೆ ಎಲ್ಲಿಂದ ಬರುತ್ತೆ? ಅವತ್ತಿಂದ ನಿದ್ದೆ ಮಾಡಿಲ್ಲ ಮಗಳೇ."

"ನಿದ್ದೆ ಮಾಡಿಲ್ಲ, ಬಾಯೂ ಬಿಟ್ಟಿಲ್ಲ. ಒಳಗಿರೋನು ಕಂಬಳಿ ಇಲ್ದೆ ಸಿಮೆಂಟಿನ ಮೇಲೆ ಮಲಗ್ತಾ ಇದ್ದಾನೆ. ಯಾರ ಹೆಸರಿಗೆ ಹೆದರ್ತಾ ಇದ್ದೀಯ? ಗೆಲಾನಿಗಾ?"

ಗೆಲಾ, ಲಮಾರಾಳ ಗಂಡ. ಇಮೆದಾನ ಹಾಗೆ ಅವನೂ ಘಾಟಿಯಾಚೆಗೆ ಜನ, ಮೂಟೆ ಸಾಗಿಸುವವನು; ಅದೇ ತರದ ಜೀಪು, ಅದೇ ದಾರಿ, ಅದೇ ಗಿರಾಕಿಗಳು. ಇಬ್ಬರೂ ಸಂತೆ ಬೀದಿಯಲ್ಲಿ ಎರಡು ಸಲ ಕೈಕೈ ಮಿಲಾಯಿಸಿದ್ದರು. ದಾರೆಜಾನಳ ಪಟ್ಟಿಯಲ್ಲಿ ಮೊದಲ ಹೆಸರು ಅವನದ್ದೇ.

"ಗೆಲಾ ಅಲ್ಲ."

"ಮತ್ತೆ ಯಾರು?"

"ಹೇಳಿದ್ರೆ ಎರಡು ಹೆಣ್ಣುಮಕ್ಕಳ ಬದುಕು ಹಾಳಾಗುತ್ತೆ."

"ಹೇಳದೆ ಇದ್ರೆ ಒಬ್ಬ ಗಂಡಸಿನ ಬದುಕು ಹಾಳಾಗುತ್ತೆ! ಸಂಜೆ ಹೊತ್ತಿಗೆ ನನ್ನದೂ ಆಗುತ್ತೆ. ಮಾಮುಕಾ ನನ್ನ ಮೇಲೇ ಹೊರಿಸ್ತಾ ಇದ್ದಾನೆ. ಹೋಗಿ ಹೇಳ್ಳಾ, ಬುಷ್ ಕಡೆದದ್ದು ಶಕ್ರೊ, ಕಡೆಯೋದು ಕಲಿಸಿದ್ದು ಶಕ್ರೊ ಅಂತ?"

ಮುದುಕ ತಿರುಗಿದ. ಕಣ್ಣು ಒದ್ದೆಯಾಗಿತ್ತು. ಆದರೆ ದಾರೆಜಾನಳಿಗೆ ಅವತ್ತು ಯಾರ ಕಣ್ಣೀರಿನ ಮೇಲೂ ಕರುಣೆ ಇರಲಿಲ್ಲ.

"ಲಮಾರಾ," ಎಂದ ಶಕ್ರೊ.

"ಲಮಾರಾ ಏನು?"

"ಬಂದು ಮಾಡಿಸಿಕೊಂಡು ಹೋಗಿದ್ದು ಲಮಾರಾನೇ."

ಹೊರಗೆ ಯಾರದೋ ಹುಂಜ ಹೊತ್ತಲ್ಲದ ಹೊತ್ತಿನಲ್ಲಿ ಕೂಗಿತು. ದಾರೆಜಾನ್ ಹಲಗೆಯ ಅಂಚು ಹಿಡಿದುಕೊಂಡಳು.

"ಸತ್ತೋಳ ಮೇಲೆ ಹಾಕ್ತಾ ಇದ್ದೀಯಾ? ಅವಳು ಬಂದು ಇಲ್ಲ ಅನ್ನಲ್ಲ ಅಂತಾನಾ?"

"ನನ್ನ ಹೆಂಡತಿ ಗೋರಿ ಆಣೆ. ಜೆಟ್ಟನ್ನ ಕರವಸ್ತ್ರದಲ್ಲಿ ಸುತ್ತಿಕೊಂಡು ತಂದಿದ್ದಳು. ಕುತ್ತಿಗೇಲಿ ಸ್ಕಾರ್ಫು. ಅಂಥ ಸೆಕೆಯಲ್ಲಿ ಯಾಕಮ್ಮಾ ಸ್ಕಾರ್ಫು ಅಂದೆ. ಏನೂ ಹೇಳಲಿಲ್ಲ. ಅದು ಜಾರಿದಾಗ ಕಂಡೆ, ಇಲ್ಲಿ," ಮುದುಕ ತನ್ನ ಗಂಟಲಿನ ಎರಡೂ ಕಡೆ ಮುಟ್ಟಿ ತೋರಿಸಿದ, "ಐದೂ ಬೆರಳು ನೀಲಿ ಎದ್ದಿತ್ತು."

ಗೆಲಾನ ಬೆರಳುಗಳು. ಲಮಾರಾ ಯಾರ ಗಾಡಿಗೆ ಅದನ್ನು ಮಾಡಿಸಿರಬಹುದು ಎಂದು ಈಗ ಕೇಳಬೇಕಾಗಿಯೇ ಇರಲಿಲ್ಲ. ಆದರೆ ಸಿಕ್ಕಿದ್ದು ಇಮೆದಾನ ಗಾಡಿಯಲ್ಲಿ. ಅದು ಅಲ್ಲಿಗೆ ಹೇಗೆ ಹೋಯಿತು? ಅದೇ ಗಾಡಿಯನ್ನು ಅವಳೇ ಯಾಕೆ ಹತ್ತಿದಳು?

"ಇನ್ನೊಂದು ಮಾತಿದೆ," ಶಕ್ರೊನ ದನಿ ಇನ್ನೂ ಇಳಿಯಿತು. "ಅವಳು ಒಂದು ಮಾಡಿಸಲಿಲ್ಲ ದಾರೊ. ಎರಡು ಮಾಡಿಸಿದಳು."

"ಏನು?"

"ಒಂದು ಹಾಳಾದ್ರೆ ಇನ್ನೊಂದಿರಲಿ ಅಂದಳು. ಎರಡು ಜೆಟ್ ತಂದಿದ್ದಳು."

"ಇನ್ನೊಂದು ಎಲ್ಲಿದೆ ಈಗ?"

"ನನಗೇನು ಗೊತ್ತು? ಅವಳ ಮನೇಲಿರಬಹುದು. ಗಾಡೀಲಿ..." ಮುದುಕ ಮಾತು ನಿಲ್ಲಿಸಿದ. "ದಾರೊ. ಇವತ್ತು ಅವಳ ಒಂಬತ್ತನೇ ದಿನ."

"ಅದಕ್ಕೆ?"

"ಅವಳು ಬಿದ್ದ ಜಾಗದಲ್ಲಿ ಮೇಣದಬತ್ತಿ ಹಚ್ಚಿ ವೈನ್ ಸುರಿಯೋಕೆ ಅಂತ ಗೆಲಾ ಬೆಳಿಗ್ಗೆ ಹೊರಟ. ನನ್ನ ಬಾಗಿಲ ಮುಂದೆಯೇ ಹೋದ. ಹಿಂದುಗಡೆ ಸೀಟಲ್ಲಿ ಎರಡೂ ಮಕ್ಕಳಿದ್ದವು."

"ಎಷ್ಟು ಹೊತ್ತಾಯ್ತು?"

"ಒಂದು ಗಂಟೆ. ಸ್ವಲ್ಪ ಹೆಚ್ಚೇ."

ಒಂದು ಗಂಟೆಯೆಂದರೆ ಬಯಲು ಮುಗಿದು ಏರು ಶುರುವಾಗುವ ಹೊತ್ತು. ಆಮೇಲೆ ಫೋನು ಸಿಗುವುದಿಲ್ಲ. ದಾರೆಜಾನ್ ಗೆಲಾನ ನಂಬರ್ ಒತ್ತಿದಳು. ಎರಡು ಸಲ ಗಂಟೆಯಾಗಿ ಕಟ್ಟಾಯಿತು. ಮತ್ತೆ ಒತ್ತಿದಳು. ಮತ್ತೆ ಕಟ್ಟು.

"ನನ್ನ ಹೆಸರು ನೋಡಿ ಎತ್ತಲ್ಲ ಅವನು. ನಿನ್ನದು ಕೊಡು. ಬೇಗ!"

ಶಕ್ರೊನ ಫೋನಿಗೆ ಉತ್ತರ ಬಂತು. ಮಗುವಿನ ದನಿ. ಲಮಾರಾಳ ದೊಡ್ಡ ಮಗಳು, ಹನ್ನೊಂದು ವರ್ಷದ ಕೇತೊ.

"ಶಕ್ರೊ ತಾತಾ?"

"ಕೇತೊ ಪುಟ್ಟಿ, ನಾನು ದಾರೆಜಾನ್ ಅತ್ತೆ. ಅಪ್ಪನಿಗೆ ಹೇಳು, ಗಾಡಿ ನಿಲ್ಸೋಕೆ ಹೇಳು. ಈಗಲೇ."

ಸ್ವಲ್ಪ ಗದ್ದಲ. ಆಮೇಲೆ ದೂರದಿಂದ, ಸ್ಟೇರಿಂಗಿನ ಹಿಂದಿನಿಂದ ಕೂಗಿದಂತೆ, ಗೆಲಾ.

"ನಿನ್ನ ಗಂಡ ನನ್ನ ಹೆಂಡ್ತೀನ ಕೊಂದ. ಇವತ್ತು ಅವಳ ದಿನ. ಇವತ್ತೊಂದು ದಿನ ನಮ್ಮನ್ನ ಬಿಟ್ಬಿಡು!"

"ಗೆಲಾ, ಬೈಯೋದು ಆಮೇಲೆ ಬೈಯ್ಯಿ. ಮೊದಲು ಗಾಡಿ ನಿಲ್ಸು. ಪೆಟ್ರೋಲ್ ಪೈಪಿನೊಳಗೆ ಒಂದು..."

"ಹಿತ್ತಾಳೆ ಜೆಟ್ಟು!" ಗೆಲಾನ ಕೂಗಿಗೆ ಫೋನು ಕಿರುಚಿತು. "ಅದನ್ನ ನೀನು ನನಗೆ ಹೇಳ್ತೀಯಾ? ಜೂನ್ ಕೊನೇಲಿ ನನ್ನ ಗಾಡಿ ಮೊದಲ ತಿರುವಲ್ಲೇ ಕೆಮ್ಮಿ ನಿಂತಿತ್ತು. ಬಿಚ್ಚಿದೆ. ಸಿಕ್ತು. ನನ್ನ ಸಾಯ್ಸೋಕೆ ಅದನ್ನ ಇಟ್ಟೋನು ನಿನ್ನ ಗಂಡ! ಅವನು ಕೊಟ್ಟಿದ್ದನ್ನ ಅವನಿಗೇ ವಾಪಸ್ ಕೊಟ್ಟೆ. ಅವನ ಗಾಡೀಲಿ ಇಟ್ಟೆ. ಅಷ್ಟೇ ನಾನು ಮಾಡಿದ್ದು. ಅಷ್ಟೇ!"

ಶಕ್ರೊ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

ಫೋನಿನಲ್ಲಿ ಕೆಲ ಕ್ಷಣ ಇಂಜಿನ್ನಿನ ಸದ್ದೊಂದೇ. ಆಮೇಲೆ ಗೆಲಾ ಮತ್ತೆ ಮಾತಾಡಿದಾಗ ಅವನ ದನಿ ಬೇರೆಯವರದಾಗಿತ್ತು.

"ಅವಳು ಆ ಗಾಡಿ ಹತ್ತುತ್ತಾಳೆ ಅಂತ ನನಗೇನು ಗೊತ್ತಿತ್ತು?"

ಹಿಂದಿನ ಸೀಟಿನಲ್ಲಿ ಚಿಕ್ಕ ಹುಡುಗಿ ಅಳಲು ಶುರುಮಾಡಿದಳು. ಎರಡೂ ಮಕ್ಕಳು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಗೆಲಾ," ಎಂದಳು ದಾರೆಜಾನ್. ಲಮಾರಾ ಗಂಡನ ಗಾಡಿ ಬಿಟ್ಟು ಇಮೆದಾನದನ್ನು ಯಾಕೆ ಹತ್ತಿದಳೆಂದು ಅವಳಿಗೆ ಈಗ ಹೊಳೆದಿತ್ತು. "ಅವು ಎರಡಿದ್ದವು."

"ಏನು ಎರಡು?"

"ಅಂಥದ್ದೇ ಇನ್ನೊಂದಿದೆ. ನಿನ್ನ ಗಾಡೀಲೇ ಇರಬಹುದು. ನಿಲ್ಸು."

"ಯಾರು ಹೇಳಿದ್ದು? ಇಮೆದಾ ಹೇಳಿದ್ನಾ? ಅವನೇ ಮಾಡಿಸಿದ್ದಲ್ವಾ? ಹೇಳು, ಯಾರು ಮಾಡಿಸಿದ್ದು?"

ಶಕ್ರೊ ಅವಳೆದುರು ಕೈ ಜೋಡಿಸಿ ತಲೆಯಾಡಿಸುತ್ತಿದ್ದ. ಬೇಡ, ಮಕ್ಕಳ ಮುಂದೆ ಬೇಡ. ಹೆಸರು ಅವಳ ನಾಲಿಗೆಯ ತುದಿಯಲ್ಲಿತ್ತು. ಆ ಹೆಂಗಸಿನ ಗಂಟಲಿನ ಮೇಲಿನ ಐದು ಬೆರಳೂ ಅಲ್ಲೇ ಇದ್ದವು.

"ಗೆಲಾ, ನಿನ್ನ ಕಾಲು ಹಿಡ್ಕೋತೀನಿ. ಗಾಡಿ ನಿಲ್ಸಿ ಮಕ್ಕಳನ್ನ ಕೆಳಗಿಳಿಸು."

ಅವಳು ಫೋನನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದಳು. ಇಂಜಿನ್ ಮೊದಲ ಗೇರಿನಲ್ಲಿ ಏದುಸಿರು ಬಿಡುತ್ತಿತ್ತು. ಚಕ್ರದಡಿ ಜಲ್ಲಿಕಲ್ಲು ಸಿಡಿಯುತ್ತಿತ್ತು. ಏರು ಆಗಲೇ ಶುರುವಾಗಿತ್ತು.

ಆ ಸದ್ದಿನ ನಡುವೆ ಒಂದು ಬಡಿತ ತಪ್ಪಿತು.

ತಕ್ಷಣವೇ ಇನ್ನೊಂದು.

"ಅಪ್ಪಾ, ಗಾಡಿ ಯಾಕೆ ಹಿಂದೆ..." ಎಂದಿತು ಕೇತೊನ ದನಿ. ಅಲ್ಲಿಗೆ ಫೋನು ಸತ್ತಿತು.